ರೊಟ್ಟಿ ಹಂಚಿಕೊಂಡವರ ಹೆಸರು ಕಂಪನಿ

ದಿನಕ್ಕೆ ಎಷ್ಟು ಸಲ ಈ ಪದ ನನ್ನ ಬಾಯಿಂದ ಬರುತ್ತೋ ಲೆಕ್ಕ ಇಟ್ಟಿಲ್ಲ. ಬೆಳಗಿನ ಬುಲೆಟಿನ್‌ನಲ್ಲಿ ವಿಮಾನ ಕಂಪನಿ, ಮಧ್ಯಾಹ್ನ ಮೊಬೈಲ್ ಕಂಪನಿ, ರಾತ್ರಿ ಒಂಬತ್ತರ ಚರ್ಚೆಯಲ್ಲಿ ಜನರ ದುಡ್ಡು ನುಂಗಿ ಬಾಗಿಲು ಹಾಕಿದ ಯಾವುದೋ ಫೈನಾನ್ಸ್ ಕಂಪನಿ. ಮೂರೇ ಅಕ್ಷರ. ಅದು ಇಂಗ್ಲಿಷ್ ಪದ ಅಂತ ಈಗ ಯಾರಿಗೂ ಅನ್ನಿಸೋದೂ ಇಲ್ಲ. ಹಳ್ಳಿಯ ಅಜ್ಜಿಯನ್ನು ಕೇಳಿ ನೋಡಿ, ಮೊಮ್ಮಗ ಏನು ಮಾಡ್ತಾನೆ ಅಂತ. "ಬೆಂಗಳೂರಲ್ಲಿ ಕಂಪನೀಲಿ ಇದಾನೆ ಕಣಪ್ಪ" ಅಂತಾಳೆ. ಯಾವ ಕಂಪನಿ ಅಂತ ಅವಳಿಗೂ ಬೇಡ, ನಮಗೂ ಬೇಡ.

ಅದೇ ಮೊಮ್ಮಗ ಶನಿವಾರ ಸಂಜೆ ಗೆಳೆಯನಿಗೆ ಫೋನ್ ಮಾಡಿ ಹೇಳ್ತಾನೆ: "ಒಬ್ಬನೇ ಇದೀನಿ, ಬಂದು ಕಂಪನಿ ಕೊಡೋ ಮಾರಾಯ."

ನೋಡಿ, ಒಂದೇ ಪದ. ಒಂದು ಕಡೆ ಷೇರು, ಲಾಭ, ಬ್ಯಾಲೆನ್ಸ್ ಶೀಟು. ಇನ್ನೊಂದು ಕಡೆ ಜೊತೆ, ಸ್ನೇಹ, ಎದುರುಬದುರು ಕೂತು ಹರಟೆ. ಇವೆರಡರಲ್ಲಿ ಯಾವುದು ಮೊದಲು ಹುಟ್ಟಿದ್ದು? ಬಹಳ ಜನ ವ್ಯಾಪಾರದ್ದೇ ಮೊದಲು, ಗೆಳೆತನದ್ದು ಆಮೇಲೆ ತಮಾಷೆಗೆ ಬಂದದ್ದು ಅಂದುಕೊಂಡಿದ್ದಾರೆ. ಉಲ್ಟಾ. ಗೆಳೆತನವೇ ಮೊದಲು. ಗೆಳೆತನಕ್ಕೂ ಮೊದಲು ಊಟ.

ಲ್ಯಾಟಿನ್ ಭಾಷೆಯಲ್ಲಿ 'ಕೊಮ್' ಅಂದ್ರೆ ಜೊತೆಗೆ. 'ಪಾನಿಸ್' ಅಂದ್ರೆ ರೊಟ್ಟಿ. ಅವರ ಒಲೆಯಲ್ಲಿ ಬೇಯೋ ದಪ್ಪ ರೊಟ್ಟಿ, ಈಗ ನಾವು ಬ್ರೆಡ್ ಅಂತೀವಲ್ಲ, ಅದರ ಹಿರಿಯ. ಎರಡೂ ಸೇರಿ 'ಕಂಪಾನಿಯೊ': ಜೊತೆಯಲ್ಲಿ ಕೂತು ಒಂದೇ ರೊಟ್ಟಿ ಮುರಿದು ತಿನ್ನುವವನು. ಸುಮಾರು ಕ್ರಿ.ಶ. 500ರ ಹೊತ್ತಿಗೆ ಯೂರೋಪಿನಲ್ಲಿ ಫ್ರಾಂಕ್ ಎಂಬ ಜನಾಂಗ ಬರೆಸಿಟ್ಟ ಕಾನೂನು ಪಠ್ಯದಲ್ಲಿ ಈ ಪದ ಕಾಣಿಸಿಕೊಳ್ಳುತ್ತದೆ. ಬಹುಶಃ ಅವರ ಸ್ವಂತ ಜರ್ಮನಿಕ್ ಮಾತನ್ನೇ ಲ್ಯಾಟಿನ್ನಿಗೆ ತಿರುಗಿಸಿಕೊಂಡಿರಬೇಕು ಅಂತ ಭಾಷಾ ಪಂಡಿತರ ಅಂದಾಜು. ಯಾಕಂದ್ರೆ ಹಳೆಯ ಗಾಥಿಕ್ ಭಾಷೆಯಲ್ಲೂ ಗೆಳೆಯನಿಗೆ 'ಗಹ್ಲೈಬ' ಅಂತಿದ್ದರು. 'ಗ' ಅಂದ್ರೆ ಜೊತೆ, 'ಹ್ಲೈಫ್ಸ್' ಅಂದ್ರೆ ರೊಟ್ಟಿ. ಇಂಗ್ಲಿಷಿನ 'ಲೋಫ್' ಅದೇ ಬಳಗದ್ದು. ಇನ್ನೂ ಒಂದು ಸ್ವಾರಸ್ಯ ಕೇಳಿ: ಇಂಗ್ಲಿಷಿನ 'ಲಾರ್ಡ್' ಇದೆಯಲ್ಲ, ಅದರ ಹಳೆಯ ರೂಪ 'ಹ್ಲಾಫ್‌ವೆಅರ್ಡ್', ಅಂದ್ರೆ ರೊಟ್ಟಿ ಕಾಯುವವನು. 'ಲೇಡಿ' ಅಂದ್ರೆ ರೊಟ್ಟಿಯ ಹಿಟ್ಟು ನಾದುವವಳು! ಬಿಳಿ ವಿಗ್ ಹಾಕ್ಕೊಂಡು ಕೂತ ಲಾರ್ಡ್‌ಗಳ ಹೆಸರು ಕೂಡ ಅಡುಗೆಮನೆಯಿಂದ ಬಂದದ್ದು.

ಕಂಪಾನಿಯೊ ಫ್ರೆಂಚ್ ಭಾಷೆಗೆ ಹೋಗಿ 'ಕಂಪಾನಿ' ಆಯಿತು, ಅಲ್ಲಿಂದ ಇಂಗ್ಲಿಷಿಗೆ ಬಂತು. ಮೊದಲು ಜೊತೆಗಾರರ ಗುಂಪು. ಆಮೇಲೆ ಒಟ್ಟಿಗೆ ಉಣ್ಣುವ ಸೈನಿಕರ ತುಕಡಿ. ಸೈನ್ಯದಲ್ಲಿ ಇವತ್ತಿಗೂ 'ಎ ಕಂಪನಿ, ಬಿ ಕಂಪನಿ' ಅಂತಾರಲ್ಲ, ಅದೇ. ಆಮೇಲೆ ಒಂದೇ ಕಸುಬಿನವರ ಸಂಘ. ಲಂಡನ್ನಿನಲ್ಲಿ ರೊಟ್ಟಿ ಸುಡುವವರಿಗೂ ಒಂದು ಕಂಪನಿ ಇತ್ತು, ಈಗಲೂ ಇದೆ. ರೊಟ್ಟಿಯವರ ರೊಟ್ಟಿ ಸಂಘ ಅಂದ ಹಾಗಾಯ್ತು, ಇರಲಿ.

ವ್ಯಾಪಾರಕ್ಕೆ ಈ ಪದವನ್ನು ಗಟ್ಟಿಯಾಗಿ ಕಟ್ಟಿಕೊಂಡವರು ಇಟಲಿಯವರು. 14ನೇ ಶತಮಾನದ ಫ್ಲಾರೆನ್ಸ್ ನಗರದಲ್ಲಿ ಬಾರ್ದಿ, ಪೆರುಝಿ ಎಂಬ ಎರಡು ದೊಡ್ಡ ಮನೆತನಗಳು. ಅವರ ವ್ಯಾಪಾರ ಕೂಟಕ್ಕೆ 'ಕಂಪಾನಿಯಾ' ಅಂತಲೇ ಹೆಸರು. ಅಣ್ಣತಮ್ಮಂದಿರು, ದಾಯಾದಿಗಳು, ನಂಬಿಕಸ್ಥ ಪಾಲುದಾರರು ಸೇರಿ ಬಂಡವಾಳ ಹಾಕೋದು, ಲಾಭ ಹಂಚಿಕೊಳ್ಳೋದು. ಲೆಕ್ಕದ ಪುಸ್ತಕದಲ್ಲಿ ದೇವರ ಹೆಸರಿನಲ್ಲೂ ಒಂದು ಪಾಲು ಇಡ್ತಿದ್ದರು, ಅದು ಬಡವರಿಗೆ. ನಮ್ಮ ಮಂಡಿ ವರ್ತಕರ ಧರ್ಮದ ಖಾತೆ ನೆನಪಾಗುತ್ತದೆ. ಆದರೆ ಒಂದು ವಿಷಯ ಗಮನಿಸಿ. ಕಂಪನಿ ಮುಳುಗಿದರೆ ಪಾಲುದಾರನ ಮನೆ, ಹೊಲ, ದ್ರಾಕ್ಷಿ ತೋಟ ಎಲ್ಲವೂ ಸಾಲಗಾರರಿಗೆ. ಇಂಗ್ಲೆಂಡಿನ ದೊರೆ 3ನೇ ಎಡ್ವರ್ಡ್ ಯುದ್ಧಕ್ಕೆ ಅಂತ ಇವರಿಂದ ಅಪಾರ ಸಾಲ ತಗೊಂಡು ಕೈ ಎತ್ತಿದ. ಬೇರೆ ಕಾರಣಗಳೂ ಸೇರಿಕೊಂಡವು. 1343ರಲ್ಲಿ ಪೆರುಝಿ, 1346ರಲ್ಲಿ ಬಾರ್ದಿ, ಎರಡೂ ಬಿದ್ದವು. ರೊಟ್ಟಿ ಹಂಚಿಕೊಂಡವರು ಸಾಲವನ್ನೂ ಹಂಚಿಕೊಂಡರು. ಈ ಪದದಲ್ಲಿ ಅಲ್ಲಿಯವರೆಗೆ ಇಷ್ಟು ಪ್ರಾಮಾಣಿಕತೆ ಇತ್ತು ಅನ್ನೋದನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಈಗ ಲಂಡನ್‌ಗೆ ಬನ್ನಿ. 1600ರ ಡಿಸೆಂಬರ್ 31. ಒಂದನೇ ಎಲಿಜಬೆತ್ ರಾಣಿ ಲಂಡನ್ನಿನ ವರ್ತಕರಿಗೆ ಒಂದು ಸನ್ನದು ಕೊಟ್ಟಳು. ಪೂರ್ವ ದೇಶಗಳ ಜೊತೆ ವ್ಯಾಪಾರ ಮಾಡುವ ಹಕ್ಕು ಇವರಿಗೆ ಮಾತ್ರ. ಹಾಕಿದ ಬಂಡವಾಳ 68,373 ಪೌಂಡ್. 1601ರಲ್ಲಿ ಜೇಮ್ಸ್ ಲ್ಯಾಂಕಾಸ್ಟರ್ ಎಂಬಾತನ ಮುಂದಾಳತ್ವದಲ್ಲಿ ಮೊದಲ ಹಡಗುಗಳು ಹೊರಟವು. ಆರಂಭದಲ್ಲಿ ಒಂದೊಂದು ಪ್ರಯಾಣಕ್ಕೂ ಬೇರೆ ಬೇರೆ ಚಂದಾ ಎತ್ತೋದು, ಹಡಗು ವಾಪಸ್ ಬಂದ ಮೇಲೆ ಮೆಣಸು ಮಾರಿ ಲೆಕ್ಕ ಚುಕ್ತಾ ಮಾಡೋದು. ಊರಲ್ಲಿ ನಾಲ್ಕು ಜನ ಸೇರಿ ಲಾರಿ ಬಾಡಿಗೆ ಹಿಡಿದು ಈರುಳ್ಳಿ ಸಾಗಿಸಿದ ಹಾಗೆ. 1657ರಲ್ಲಿ ಬಂಡವಾಳ ಶಾಶ್ವತವಾಯಿತು. ಹಡಗು ಬರಲಿ ಬಿಡಲಿ, ಕಂಪನಿ ಇರುತ್ತದೆ. ಪಾಲು ಬೇಡವಾದವನು ಇನ್ನೊಬ್ಬನಿಗೆ ಮಾರಿಕೊಂಡು ಹೋಗಬಹುದು. ಕೊಂಡವನು ಹಡಗನ್ನೂ ನೋಡಿಲ್ಲ, ಸಮುದ್ರವನ್ನೂ ನೋಡಿಲ್ಲ, ತನ್ನ ಜೊತೆ ಪಾಲು ಹೊಂದಿರುವವನ ಮುಖವನ್ನೂ ನೋಡಿಲ್ಲ. ನನ್ನ ಲೆಕ್ಕದಲ್ಲಿ ಈ ಪದದ ಇತಿಹಾಸದಲ್ಲಿ ದೊಡ್ಡ ತಿರುವು ಇದೇ. ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವವರ ಹೆಸರನ್ನು ಒಬ್ಬರ ಮುಖ ಒಬ್ಬರು ನೋಡದವರ ಗುಂಪು ಹೊತ್ತುಕೊಂಡಿತು.

ಅದರ ಬೆಲೆ ತೆತ್ತವರು ಬಂಗಾಳದ ಜನ. 1765ರ ಆಗಸ್ಟ್‌ನಲ್ಲಿ ಮೊಘಲ್ ಬಾದಶಹನಿಂದ ಕಂಪನಿಗೆ ಬಂಗಾಳದ ದಿವಾನಿ ಸಿಕ್ಕಿತು, ಅಂದ್ರೆ ಕಂದಾಯ ವಸೂಲಿಯ ಹಕ್ಕು. ಅಲ್ಲಿಂದ ನಾಲ್ಕೇ ವರ್ಷ. 1769ರಲ್ಲಿ ಮಳೆ ಕೈಕೊಟ್ಟಿತು. 1770ರಲ್ಲಿ ಭೀಕರ ಬರಗಾಲ. ಜನ ಮೊದಲು ದನ ಮಾರಿದರು, ನೇಗಿಲು ಮಾರಿದರು, ಬಿತ್ತನೆ ಬೀಜವನ್ನೇ ತಿಂದರು. ಎಷ್ಟು ಜನ ಸತ್ತರು? ಇತಿಹಾಸಕಾರರಲ್ಲಿ ಇವತ್ತಿಗೂ ಜಗಳ ಇದೆ. ಆದರೆ ಕಂಪನಿಯ ಗವರ್ನರ್ ವಾರನ್ ಹೇಸ್ಟಿಂಗ್ಸ್ 1772ರ ನವೆಂಬರ್‌ನಲ್ಲಿ ತನ್ನ ಲಂಡನ್ ಧಣಿಗಳಿಗೆ ಬರೆದ ಪತ್ರ ಇದೆ. ಪ್ರಾಂತ್ಯದ ಜನರಲ್ಲಿ ಕನಿಷ್ಠ ಮೂರನೇ ಒಂದು ಪಾಲು ಸತ್ತಿದ್ದಾರೆ ಅಂತ ಬರೆದ. ಅದೇ ಪತ್ರದಲ್ಲಿ, ಅದೇ ಉಸಿರಿನಲ್ಲಿ, 1771ರ ನಿವ್ವಳ ಕಂದಾಯ ವಸೂಲಿ ಬರಕ್ಕೆ ಮುಂಚಿನ 1768ಕ್ಕಿಂತಲೂ ಜಾಸ್ತಿ ಆಗಿದೆ ಅಂತಲೂ ಬರೆದ.

ಮತ್ತೊಮ್ಮೆ ಓದಿ ಇದನ್ನು. ಮೂರರಲ್ಲಿ ಒಬ್ಬ ಸತ್ತಿದ್ದಾನೆ. ವಸೂಲಿ ಜಾಸ್ತಿಯಾಗಿದೆ. ಸತ್ತವನ ಪಾಲಿನ ಕಂದಾಯವನ್ನು ಉಳಿದವನ ತಲೆಗೆ ಕಟ್ಟಿ, ಬಡಿದು ವಸೂಲು ಮಾಡಿದ್ದರಿಂದ ಜಾಸ್ತಿಯಾಗಿದೆ. ಲಂಡನ್ನಿನಲ್ಲಿ ಷೇರುದಾರರಿಗೆ ಶೇ. 12.5 ಡಿವಿಡೆಂಡ್ ಹಂಚಿಕೆಯಾಯಿತು. ಜೊತೆಯಲ್ಲಿ ರೊಟ್ಟಿ ತಿನ್ನುವವರು ಅನ್ನೋ ಹೆಸರಿಟ್ಟುಕೊಂಡ ಸಂಸ್ಥೆ ಸ್ವಾಮಿ ಇದು! ಆ ಷೇರುದಾರರೆಲ್ಲ ರಾಕ್ಷಸರಾ? ಅಲ್ಲ. ಅವರಲ್ಲಿ ವಿಧವೆಯರಿದ್ದರು, ಪಾದ್ರಿಗಳಿದ್ದರು, ಭಾನುವಾರ ಚರ್ಚಿಗೆ ಹೋಗಿ ಬಡವರಿಗೆ ಕಾಸು ಹಾಕುವವರಿದ್ದರು. ಅವರಿಗೆ ಬಂಗಾಳ ಕಾಣುತ್ತಿರಲಿಲ್ಲ, ಅಷ್ಟೇ. ಕಾಣುತ್ತಿದ್ದುದು ಡಿವಿಡೆಂಡ್.

ಇಷ್ಟಾದರೂ 1772ರಲ್ಲಿ ಕಂಪನಿ ಕಾಸಿಲ್ಲದೆ ಕೈಚಾಚಿ ನಿಂತಿತು. ಬ್ರಿಟಿಷ್ ಸರ್ಕಾರ 14 ಲಕ್ಷ ಪೌಂಡ್ ಸಾಲ ಕೊಟ್ಟು ಬದುಕಿಸಿತು. ಮುಳುಗುವ ದೊಡ್ಡವರನ್ನು ಖಜಾನೆಯಿಂದ ಎತ್ತಿ ನಿಲ್ಲಿಸುವ ಪದ್ಧತಿ ನಿನ್ನೆ ಮೊನ್ನೆಯದಲ್ಲ. ಅದರ ಗೋದಾಮಿನಲ್ಲಿ ಕೊಳೆಯುತ್ತಿದ್ದ ಚಹಾವನ್ನು ಅಮೆರಿಕದಲ್ಲಿ ಸುರಿಯಲಿ ಅಂತ 1773ರಲ್ಲಿ ಒಂದು ಕಾಯ್ದೆಯನ್ನೂ ಮಾಡಿಕೊಟ್ಟರು. ಬಾಸ್ಟನ್ನಿನ ಜನ ಆ ವರ್ಷದ ಡಿಸೆಂಬರ್ 16ರ ರಾತ್ರಿ 342 ಪೆಟ್ಟಿಗೆ ಚಹಾವನ್ನು ಸಮುದ್ರಕ್ಕೆ ಎಸೆದರು. ಅಲ್ಲಿಂದ ಮುಂದಿನದು ಅಮೆರಿಕದ ಸ್ವಾತಂತ್ರ್ಯದ ಕಥೆ, ಅದು ಬೇರೆ ದಿನಕ್ಕಿರಲಿ.

ಕನ್ನಡಿಗರ ಕಿವಿಗೆ 'ಕಂಪನಿ' ಬಿದ್ದದ್ದು ಹೀಗೆಯೇ, ತುಪಾಕಿಯ ಸದ್ದಿನ ಜೊತೆ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು, ಟಿಪ್ಪು ಸತ್ತ. ಕೋಟೆ ಹಿಡಿದದ್ದು ಇಂಗ್ಲೆಂಡಿನ ದೊರೆಯ ಹೆಸರಿನಲ್ಲಲ್ಲ. ಷೇರುಪೇಟೆಯಲ್ಲಿ ಪಾಲು ಮಾರುವ ಒಂದು ವ್ಯಾಪಾರಿ ಸಂಸ್ಥೆಯ ಹೆಸರಿನಲ್ಲಿ. ಮೈಸೂರಿನ ಹೊಸ ಅರಸರು ಆ ಸಂಸ್ಥೆಗೆ ವರ್ಷಕ್ಕೆ 7 ಲಕ್ಷ ವರಹ ಕೊಡಬೇಕು ಅಂತ ಒಪ್ಪಂದವಾಯಿತು. 1824ರಲ್ಲಿ ಕಿತ್ತೂರಿನ ದತ್ತು ಪುತ್ರನನ್ನು ಒಪ್ಪಲ್ಲ ಅಂದದ್ದೂ ಕಂಪನಿಯೇ. ಆ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತನಲ್ಲ, ಅವನು ಆ ಕಂಪನಿಯ ನೌಕರ. ರಾಣಿ ಚೆನ್ನಮ್ಮ ಎದುರಿಸಿದ್ದು ಒಂದು ಡೈರೆಕ್ಟರ್‌ಗಳ ಮಂಡಳಿಯನ್ನು! ನಮ್ಮ ಹಿರಿಯರು ಅದಕ್ಕೆ 'ಕಂಪನಿ ಸರ್ಕಾರ' ಅಂತ ಹೆಸರಿಟ್ಟರು. ಎಷ್ಟು ಸರಿಯಾದ ಹೆಸರು ನೋಡಿ. 1833ರ ಕಾಯ್ದೆ ಬಂದ ಮೇಲಂತೂ ಕಂಪನಿ ವ್ಯಾಪಾರ ಮಾಡುವುದನ್ನೇ ನಿಲ್ಲಿಸಿತು. ಅಂಗಡಿ ಮುಚ್ಚಿತು, ಡಿವಿಡೆಂಡ್ ನಿಲ್ಲಲಿಲ್ಲ. ವರ್ಷಕ್ಕೆ ಶೇ. 10.5, ಭಾರತದ ಕಂದಾಯದಿಂದ! 1858ರಲ್ಲಿ ರಾಜ್ಯಭಾರ ರಾಣಿ ವಿಕ್ಟೋರಿಯಾ ಕೈಗೆ ಹೋದ ಮೇಲೂ ಅದು ನಡೆಯಿತು. 1874ರ ಜೂನ್ 1ಕ್ಕೆ ಕಂಪನಿ ವಿಸರ್ಜನೆಯಾಯಿತು.

ಆಶ್ಚರ್ಯ ಅಂದ್ರೆ ಕನ್ನಡದವರು ಈ ಪದವನ್ನು ದ್ವೇಷದಿಂದ ಎಸೆಯಲಿಲ್ಲ. ಎತ್ತಿಕೊಂಡು ನಾಟಕದವರ ಕೈಗೆ ಕೊಟ್ಟರು. 1884ರಲ್ಲಿ ಗುಬ್ಬಿಯಲ್ಲಿ ಶುರುವಾದ ತಂಡದ ನಿಜವಾದ ಹೆಸರು 'ಗುಬ್ಬಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ'. ಅಷ್ಟುದ್ದ ಯಾರು ಹೇಳ್ತಾರೆ? ಜನರ ಬಾಯಲ್ಲಿ ಅದು ಗುಬ್ಬಿ ಕಂಪನಿ. ಡಾ. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಎಲ್ಲರೂ ಅಲ್ಲಿ ಬಣ್ಣ ಹಚ್ಚಿದವರೇ. ಕಂಪನಿ ನಾಟಕದ ಹಳೆಯ ಕಲಾವಿದರನ್ನು ನಾನು ಸಂದರ್ಶನ ಮಾಡಿದಾಗೆಲ್ಲ ಸಂಬಳದ ಮಾತು ಕಡಿಮೆ, ಊಟದ ಮಾತು ಜಾಸ್ತಿ. ಮೊಕ್ಕಾಂ ಹಾಕಿದ ಊರಲ್ಲಿ ಒಂದೇ ಅಡುಗೆಮನೆ. ರಾಜ ಪಾರ್ಟಿನವನಿಗೂ ಪರದೆ ಎಳೆಯುವವನಿಗೂ ಒಂದೇ ಸಾರು. ಲ್ಯಾಟಿನ್ ಒಂದಕ್ಷರ ಗೊತ್ತಿಲ್ಲದ ಆ ಜನ ಪದವನ್ನು ಅದರ ತವರಿಗೆ ಕರಕೊಂಡು ಹೋಗಿಬಿಟ್ಟಿದ್ದರು.

ವ್ಯಾಪಾರದ ಕಂಪನಿ ಮಾತ್ರ ಬೇರೆ ದಾರಿ ಹಿಡಿದಿತ್ತು. ಆ ದಾರಿಯ ಹೆಸರು 'ಲಿಮಿಟೆಡ್'.

ಒಮ್ಮೆ ನಮ್ಮ ಕಚೇರಿಗೆ ಉತ್ತರ ಕರ್ನಾಟಕದ ಒಬ್ಬ ಹೆಣ್ಣುಮಗಳು ಬಂದಿದ್ದರು. ಹೊಲಿಗೆ ಮಾಡಿ ಮಗಳ ಮದುವೆಗೆ ಅಂತ ಕೂಡಿಟ್ಟ ದುಡ್ಡು. ಯಾವುದೋ ಕಂಪನಿಗೆ ಕಟ್ಟಿದ್ದರು, ಅದು ರಾತ್ರೋರಾತ್ರಿ ಬೋರ್ಡು ಕಿತ್ತುಕೊಂಡು ಹೋಗಿತ್ತು. ಪ್ಲಾಸ್ಟಿಕ್ ಕವರ್‌ನಲ್ಲಿ ಜೋಪಾನವಾಗಿ ಸುತ್ತಿದ ಬಾಂಡ್ ಬಿಚ್ಚಿ ನನ್ನ ಮುಂದೆ ಇಟ್ಟು, ಕೊನೆಯ ಪದದ ಮೇಲೆ ಬೆರಳಿಟ್ಟು ಕೇಳಿದರು: "ಸರ, ಕಡೀಕ ಲಿಮಿಟೆಡ್ ಅಂತ ಬರದೈತಲ್ರೀ. ಅಂದ್ರ ಸರ್ಕಾರದ್ದು ಅಲ್ಲೇನ್ರೀ?"

ಅವರೊಬ್ಬರೇ ಅಲ್ಲ. ಲಿಮಿಟೆಡ್ ಅಂದ್ರೆ ಗಟ್ಟಿ ಕುಳ, ರಿಜಿಸ್ಟರ್ ಆದದ್ದು, ನಂಬಬಹುದು ಅಂತ ತಿಳಿದವರು ಲಕ್ಷಾಂತರ ಜನ ಇದ್ದಾರೆ. ಆ ಪದ ಹುಟ್ಟಿದ್ದು ಬಿರುದಾಗಿ ಅಲ್ಲ, ಎಚ್ಚರಿಕೆಯಾಗಿ. 1855ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಒಂದು ಕಾಯ್ದೆ ಮಾಡಿತು. ಕಂಪನಿ ಮುಳುಗಿದರೆ ಷೇರುದಾರ ತಾನು ಹಾಕುತ್ತೇನೆ ಅಂತ ಒಪ್ಪಿದ ಷೇರಿನ ಹಣವನ್ನಷ್ಟೇ ಕಳೆದುಕೊಳ್ಳುತ್ತಾನೆ. ಅವನ ಮನೆ ಮಠಕ್ಕೆ ಸಾಲಗಾರರು ಕೈ ಹಾಕುವಂತಿಲ್ಲ. ಹೊಣೆಗೆ ಒಂದು ಮಿತಿ. ಆದರೆ ಆ ಸವಲತ್ತು ಬೇಕಾದರೆ ಹೆಸರಿನ ಕೊನೆಗೆ 'ಲಿಮಿಟೆಡ್' ಅಂತ ಬರೆದುಕೊಳ್ಳಲೇಬೇಕು. ಯಾಕೆ? ಇವರಿಗೆ ಸಾಲ ಕೊಡುವವರೇ ಹುಷಾರು, ಒಂದು ಗೆರೆಯ ಆಚೆ ಇವರು ಜವಾಬ್ದಾರರಲ್ಲ ಅಂತ ತಿಳಿಯಲಿ ಅಂತ. ವಿದ್ಯುತ್ ಕಂಬದ ಮೇಲೆ ತಲೆಬುರುಡೆ ಬರೆದ ಹಾಗೆ. ನಾವು ಅದನ್ನು ದೇವರ ಪಟ ಅಂತ ಕೈ ಮುಗಿದೆವು. ಭಾರತಕ್ಕೆ ಈ ವ್ಯವಸ್ಥೆ ಯಾವಾಗ ಬಂತು ಗೊತ್ತಾ? 1857ರಲ್ಲಿ. ಹೌದು, ಅದೇ 1857.

ಹಾಗಂತ ಮಿತಿ ಅನ್ನೋದೇ ಮೋಸ ಅಂತ ನಾನು ಹೇಳಲ್ಲ. ಮಿತಿ ಇಲ್ಲದಿದ್ದರೆ ಏನಾಗುತ್ತದೆ ಅನ್ನೋದಕ್ಕೂ ಸಾಕ್ಷಿ ಇದೆ. 1878ರ ಅಕ್ಟೋಬರ್‌ನಲ್ಲಿ ಸ್ಕಾಟ್ಲೆಂಡಿನ ಸಿಟಿ ಆಫ್ ಗ್ಲಾಸ್ಗೋ ಬ್ಯಾಂಕ್ ಮುಳುಗಿತು. ಡೈರೆಕ್ಟರ್‌ಗಳು ಸುಳ್ಳು ಲೆಕ್ಕ ತೋರಿಸಿದ್ದರು, ಜೈಲಿಗೂ ಹೋದರು. ಆದರೆ ಆ ಬ್ಯಾಂಕಿನ ಷೇರುದಾರರಿಗೆ ಲಿಮಿಟೆಡ್ ರಕ್ಷಣೆ ಇರಲಿಲ್ಲ. 100 ಪೌಂಡಿನ ಒಂದು ಷೇರು ಇಟ್ಟುಕೊಂಡವರ ಹತ್ತಿರ 2,750 ಪೌಂಡ್ ತುಂಬಿ ಅಂತ ಕೇಳಿದರು. 1,819 ಷೇರುದಾರರಲ್ಲಿ ಕೊನೆಗೆ ದಿವಾಳಿಯಾಗದೆ ಉಳಿದವರು 254 ಜನ. ಮಿಕ್ಕವರಲ್ಲಿ ತಪ್ಪು ಮಾಡಿದವರು ಎಷ್ಟು ಮಂದಿ? ಕೈಬೆರಳಲ್ಲಿ ಎಣಿಸುವಷ್ಟು. ಹತ್ತು ಸಾವಿರ ರೂಪಾಯಿ ಷೇರು ಕೊಂಡ ಸ್ಕೂಲ್ ಮೇಷ್ಟ್ರ ಮನೆ ಹರಾಜಾಗಬೇಕಾ? ಆಗಬಾರದು. ಮಿತಿ ಇರುವುದು ಅಂಥವರಿಗಾಗಿ.

ಆದರೆ ಮಿತಿಯ ಕೊಡೆಯ ಕೆಳಗೆ ಯಾರು ಯಾರು ನಿಲ್ಲಬಹುದು? ಈ ಪ್ರಶ್ನೆಗೆ ಉತ್ತರ ಬಂದದ್ದು ಒಬ್ಬ ಬೂಟು ವ್ಯಾಪಾರಿಯಿಂದ. ಲಂಡನ್ನಿನ ವೈಟ್‌ಚಾಪೆಲ್ ಹೈ ಸ್ಟ್ರೀಟ್‌ನಲ್ಲಿ ಆರನ್ ಸಾಲೊಮನ್ ಅಂತ ಒಬ್ಬ ಇದ್ದ. ಚರ್ಮದ ಬೂಟು ಮಾಡಿಸಿ ಮಾರುವವನು. 1892ರಲ್ಲಿ ತನ್ನದೇ ವ್ಯಾಪಾರವನ್ನು ಒಂದು ಲಿಮಿಟೆಡ್ ಕಂಪನಿ ಮಾಡಿದ. ಕಾನೂನಿನ ಪ್ರಕಾರ ಏಳು ಜನ ಬೇಕು. ಮನೆಯಲ್ಲೇ ಲೆಕ್ಕ ಹಾಕಿದ: ತಾನು, ಹೆಂಡತಿ, ಒಬ್ಬ ಮಗಳು, ನಾಲ್ಕು ಗಂಡು ಮಕ್ಕಳು. ಸರಿಯಾಗಿ ಏಳು! ಒಟ್ಟು 20,007 ಷೇರುಗಳಲ್ಲಿ ಅವನದು 20,001, ಉಳಿದವರಿಗೆ ಒಂದೊಂದು. ಅಷ್ಟಲ್ಲದೆ ಕಂಪನಿ ತನಗೇ 10,000 ಪೌಂಡ್ ಸಾಲ ಬಾಕಿ ಇದೆ, ಕಂಪನಿಯ ಆಸ್ತಿ ಅದಕ್ಕೆ ಅಡಮಾನ ಅಂತಲೂ ಬರೆಸಿಕೊಂಡ. ವ್ಯಾಪಾರ ಬಿತ್ತು. ಮಾಲು ಕೊಟ್ಟವರು ಬಂದು ನಿಂತರು. ಅಡಮಾನದ ಸಾಲ ಮೊದಲು, ಉಳಿದರೆ ನಿಮಗೆ ಅಂದಿತು ಕಾನೂನು. ಉಳಿಯಲಿಲ್ಲ.

ಕೆಳಗಿನ ಎರಡು ಕೋರ್ಟುಗಳು ಸಾಲೊಮನ್‌ಗೆ ಛೀಮಾರಿ ಹಾಕಿದವು. ಇದೆಂಥ ಕಂಪನಿ, ಇವನೇ ಅದು, ಅದೇ ಇವನು ಅಂದವು. 1896ರ ನವೆಂಬರ್‌ನಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನು ತಿರುಗಿಸಿ ಹಾಕಿತು. ಕಾಗದ ಸರಿ ಇದೆ, ಏಳು ಸಹಿ ಇದೆ, ಆದ್ದರಿಂದ ಕಂಪನಿ ಬೇರೆ, ಸಾಲೊಮನ್ ಬೇರೆ. ಕಂಪನಿಯ ಸಾಲ ಅವನ ಸಾಲವಲ್ಲ. ಪಾಪ, ಸಾಲೊಮನ್ ಕಳ್ಳನೇನಲ್ಲ. ಕಂಪನಿ ಉಳಿಸೋಕೆ ಹೋಗಿ ಅವನೂ ಬರಿಗೈಯಾಗಿದ್ದ, ಬಡವರ ಕೋಟಾದಲ್ಲೇ ಆ ಅಪೀಲು ಹಾಕಿದ್ದು. ಆದರೆ ತೀರ್ಪು ನಿಂತಿತು. ಇವತ್ತು ನಮ್ಮ ಕಾನೂನು ಕಾಲೇಜುಗಳಲ್ಲಿ ಕಂಪನಿ ಪಾಠ ಶುರುವಾಗುವುದೇ ಆ ಬೂಟಿನ ಅಂಗಡಿಯಿಂದ. ನನಗೆ ಮಾತ್ರ ಆ ಏಳು ಜನರೇ ಕಣ್ಣಿಗೆ ಬರುತ್ತಾರೆ. ದಿನಾ ರಾತ್ರಿ ಒಂದೇ ಮೇಜಿಗೆ ಕೂತು ಒಂದೇ ರೊಟ್ಟಿ ತಿನ್ನುತ್ತಿದ್ದವರು ಅವರು. ಹಳೆಯ ಅರ್ಥದಲ್ಲೂ ಕಂಪನಿ, ಹೊಸ ಅರ್ಥದಲ್ಲೂ ಕಂಪನಿ. ಚರ್ಮ ಕೊಟ್ಟವನು ಮಾತ್ರ ಹೊರಗೆ.

ಬಾಂಡ್ ತಂದಿದ್ದ ಆ ಹೆಣ್ಣುಮಗಳಿಗೆ ಇಷ್ಟೆಲ್ಲ ಹೇಳೋಕಾಗುತ್ತಾ? ನಾನು ಹೇಳಿದ್ದು ಎರಡೇ ಮಾತು. ಲಿಮಿಟೆಡ್ ಅಂದ್ರೆ ಸರ್ಕಾರದ್ದಲ್ಲ. ಮತ್ತೆ, ಮಿತಿ ಇರೋದು ಷೇರುದಾರನ ಹೊಣೆಗೆ. ಬೇಕಂತಲೇ ಮೋಸ ಮಾಡಿದ ಡೈರೆಕ್ಟರ್‌ಗೆ ಆ ಕೊಡೆ ಇಲ್ಲ. ನಮ್ಮ ರಾಜ್ಯದಲ್ಲಿ ಠೇವಣಿದಾರರ ಹಿತ ಕಾಯೋಕೆ ಅಂತಲೇ 2004ರ ಕಾಯ್ದೆ ಇದೆ, ಅದರಲ್ಲಿ ಆಸ್ತಿ ಜಪ್ತಿ ಮಾಡೋಕೆ ಅವಕಾಶ ಇದೆ, ದೂರು ಕೊಡಿ ಅಂದೆ. ಬಾಂಡನ್ನು ಮತ್ತೆ ಅದೇ ಕವರಿನಲ್ಲಿ ಸುತ್ತಿಕೊಂಡು ಹೋದರು.

ಈಗ ಪದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ನಮ್ಮ 2013ರ ಕಂಪನಿ ಕಾಯ್ದೆಯಲ್ಲಿ 'ಒನ್ ಪರ್ಸನ್ ಕಂಪನಿ' ಅಂತ ಹೊಸದೊಂದು ಬಂದಿದೆ. ಒಬ್ಬನೇ ಮನುಷ್ಯ, ಅವನೇ ಕಂಪನಿ. ಸಾಲೊಮನ್‌ಗೆ ಹೆಂಡತಿ ಮಕ್ಕಳ ಸಹಿಯಾದರೂ ಬೇಕಾಗಿತ್ತು. ಇಲ್ಲಿ ಅದೂ ಬೇಡ. ಸಣ್ಣ ಉದ್ಯಮಿಗಳಿಗೆ ಇದರಿಂದ ಅನುಕೂಲ ಇದೆ, ನಿಜ. ಆದರೆ ಪದವನ್ನು ಬಿಡಿಸಿ ನೋಡಿದರೆ 'ಜೊತೆ' ಅನ್ನೋದಕ್ಕೆ ಯಾರೂ ಉಳಿದಿಲ್ಲ. ಅರ್ಜಿ ಹಾಕುವಾಗ ಇನ್ನೊಬ್ಬರ ಹೆಸರು ಒಂದು ಕಡೆ ಮಾತ್ರ ಬರೆಯಬೇಕು, ಅವರ ಒಪ್ಪಿಗೆಯನ್ನೂ ಲಗತ್ತಿಸಬೇಕು: ಈ ಒಬ್ಬ ಸತ್ತರೆ ಕಂಪನಿ ಯಾರಿಗೆ ಅನ್ನೋ ಜಾಗದಲ್ಲಿ.